ಕೆಂಪು ಬಣ್ಣ ಆಗಿಬರಲ್ಲ

ಇವತ್ತು ಎಲ್ಲಿ ‘ಆಯ್ತು’ ಅಂದುಬಿಡುತ್ತೇನೋ ಎಂಬ ಭಯದಲ್ಲೇ ಬುಸಬಾ ಕಾರು ಶೋರೂಮಿನ ಗಾಜಿನ ಬಾಗಿಲು ತಳ್ಳಿದಳು.

ಆಯ್ತು ಅಂದರೆ ಕಾರು ಅವಳದಾಗುತ್ತದೆ. ಲಾಂಪಾಂಗ್ ಪೇಟೆಯಲ್ಲಿ ಶಾಲಾ ಮಕ್ಕಳ ಯೂನಿಫಾರ್ಮ್ ಹೊಲಿದು ಹೊಲಿದು ಕೂಡಿಟ್ಟ ದುಡ್ಡು ಸಾರ್ಥಕವಾಗುತ್ತದೆ. ಬಟ್ಟೆಯ ಗಂಟನ್ನು ಸ್ಕೂಟರಿಗೆ ಬಿಗಿದುಕೊಂಡು ಬೆಟ್ಟದ ಊರುಗಳಿಗೆ ಹೋಗುವ ಪಾಡು ತಪ್ಪುತ್ತದೆ. ಆದರೆ ನಾಳೆಯಿಂದ ಈ ಬಾಗಿಲು ತಳ್ಳಲು ಅವಳಿಗೆ ನೆಪವೇ ಇರುವುದಿಲ್ಲ. ಒಳಗೆ ಸೇಲ್ಸ್‌ಮನ್ ಪಾಕಿನ್ ಇನ್ಯಾರಿಗೋ ತಣ್ಣನೆಯ ನೀರು ಕೊಡುತ್ತಾ ನಗುತ್ತಿರುತ್ತಾನೆ.

“ಬನ್ನಿ ಮೇಡಂ,” ಪಾಕಿನ್ ಕೈಜೋಡಿಸಿದ. “ಇವತ್ತು ಏನು ಕಿತ್ಕೊಂಡು ಹೋಗೋಕೆ ಬಂದ್ರಿ?”

“ಕಿತ್ಕೊಳ್ಳೋಕೆ ನಿಮ್ಮ ಹತ್ರ ಏನಿದೆ? ಬರೀ ಜಿಪುಣತನ.”

“ಅಯ್ಯೋ! ಮ್ಯಾಟ್ ಕೊಟ್ಟೆ, ಗಾಜಿಗೆ ಫಿಲ್ಮ್ ಕೊಟ್ಟೆ, ಮೊನ್ನೆ ಇನ್ಶೂರೆನ್ಸೂ ಬಿಟ್ಟುಕೊಟ್ಟೆ. ಇನ್ನು ಆ ಸೋಫಾ ಒಂದು ಬಾಕಿ. ಹೊತ್ಕೊಂಡು ಹೋಗಿ.”

“ಬೆಲೆ ಇಳಿಸಿ ಅಂದ್ರೆ ಸೋಫಾ ತೋರಿಸ್ತಾರೆ. ಹತ್ತು ಸಾವಿರ ಬಾತ್ ಕಮ್ಮಿ ಮಾಡಿ.”

“ಐದು.”

“ಎಂಟು.”

“ಸರಿ, ಎಂಟು.”

ಅವನು ಅಷ್ಟು ಬೇಗ ಒಪ್ಪುತ್ತಾನೆಂದು ಬುಸಬಾ ಎಣಿಸಿರಲಿಲ್ಲ. ಕೇಳಲು ಇನ್ನೇನೂ ಉಳಿದಿಲ್ಲ. ಕಣ್ಣೆದುರಿಗಿದ್ದ ಕೆಂಪು ಕಾರು ನೋಡುತ್ತಾ, ಬಾಯಿಗೆ ಬಂದದ್ದನ್ನು ಅಂದುಬಿಟ್ಟಳು.

“ಬಣ್ಣ ಆಗಿಬರಲ್ಲ. ನಾನು ಹುಟ್ಟಿದ್ದು ಸೋಮವಾರ.”

ಸೋಮವಾರ ಹುಟ್ಟಿದವರಿಗೆ ಕೆಂಪು ಕೇಡಿನ ಬಣ್ಣ. ಹುಟ್ಟಿದ ವಾರದ ಮಾತು ಬಂದರೆ ಆ ಊರಿನಲ್ಲಿ ಯಾವ ಸೇಲ್ಸ್‌ಮನ್ನೂ ವಾದ ಮಾಡುವುದಿಲ್ಲ. ಪಾಕಿನ್ ಕೂಡ ಮಾಡಲಿಲ್ಲ. ಅವನ ಮುಖದ ನಗು ಮಾತ್ರ ನಿಧಾನವಾಗಿ ಇಳಿಯಿತು.

“ಮ್ಯಾನೇಜರನ್ನ ಕೇಳಿ ಬರ್ತೀನಿ,” ಎಂದು ಒಳಗೆ ಹೋದ.

ಕ್ಯಾಶ್ ಕೌಂಟರಿನ ಹಿಂದಿದ್ದ ಅನೋಂಗ್, ವಯಸ್ಸಾದ ಹೆಂಗಸು, ಕನ್ನಡಕ ಕೆಳಗಿಳಿಸಿದಳು. “ಏನು ತಂಗಿ, ಆ ಹುಡುಗನ ಹೊಟ್ಟೆ ಮೇಲೆ ಹೊಡೆದೆಯಲ್ಲ.”

“ನಾನೇನು ಮಾಡಿದೆ ಅಕ್ಕಾ?”

“ಇವತ್ತು ತಿಂಗಳ ಕೊನೆ. ಅವನು ಮಾರಬೇಕಾದ ಲೆಕ್ಕದಲ್ಲಿ ಒಂದು ಕಾರು ಕಮ್ಮಿ ಇದೆ. ಸಂಜೆಯೊಳಗೆ ಮಾರದಿದ್ರೆ ನಾಳೆಯಿಂದ ಬರಬೇಡ ಅಂದಿದ್ದಾರೆ. ನಿನ್ನೆ ಒಬ್ಬ ಡಾಕ್ಟ್ರು ಇದೇ ಕೆಂಪು ಕಾರು ಕೇಳಿದ್ರು. ‘ಇದು ಒಬ್ರಿಗೆ ಅಂತ ಇಟ್ಟಿದ್ದೀನಿ’ ಅಂದು ಕಳಿಸಿಬಿಟ್ಟ, ಪೆದ್ದ!”

ಬುಸಬಾ ಹುಟ್ಟಿದ್ದು ಸೋಮವಾರವಲ್ಲ, ಭಾನುವಾರ. ಭಾನುವಾರ ಹುಟ್ಟಿದವರ ಶುಭಬಣ್ಣವೇ ಕೆಂಪು. ಅದನ್ನು ಹೇಳಿದರೆ ಸುಳ್ಳು ಯಾಕೆ ಅಂತಲೂ ಹೇಳಬೇಕು. ಅವನು ನಕ್ಕುಬಿಟ್ಟರೆ? ಗಿರಾಕಿಯೆಂದು ತೋರಿಸಿದ ಮರ್ಯಾದೆಯನ್ನು ಈ ಹೆಂಗಸು ಏನೆಂದುಕೊಂಡಳು ಅಂತ ನಾಳೆ ಪೇಟೆಯೆಲ್ಲ ಆಡಿಕೊಂಡರೆ? ಹೊರಟುಹೋಗಿಬಿಡೋಣ ಅನ್ನಿಸಿತು. ಆದರೂ ಮೇಜಿನ ಮುಂದಿನ ಕುರ್ಚಿಯಲ್ಲಿ ಕುಳಿತಳು.

ಪಾಕಿನ್ ಹೊರಗೆ ಬಂದ. ಮುಖ ತೊಳೆದುಕೊಂಡಿದ್ದ.

“ಬಿಳಿ ಬಣ್ಣದ್ದು ತರಿಸ್ತಾರಂತೆ ಮೇಡಂ. ಬಂದಾಗ ಬೇರೆಯವರು ತೋರಿಸ್ತಾರೆ. ಅವರ ಹತ್ರಾನೂ ಹೀಗೇ ಜಗಳ ಆಡಿ. ಸುಮ್ಮನೆ ಒಪ್ಕೋಬೇಡಿ.”

ಕೆಲಸದ ಸುದ್ದಿ ಎತ್ತಲಿಲ್ಲ. ದಯವಿಟ್ಟು ಅನ್ನಲಿಲ್ಲ. ಅದಕ್ಕೇ ಬುಸಬಾಳಿಗೆ ತಡೆಯಲಾಗಲಿಲ್ಲ.

“ಭಾನುವಾರ,” ಎಂದಳು.

“ಏನು ಭಾನುವಾರ?”

“ನಾನು ಹುಟ್ಟಿದ್ದು. ಕೆಂಪು ನನಗೆ ಆಗಿಬರುತ್ತೆ. ಸುಳ್ಳು ಹೇಳಿದೆ.”

“ಯಾಕೆ?”

ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. “ಕೇಳೋಕೆ ಇನ್ನೇನೂ ಉಳಿದಿರಲಿಲ್ಲ. ಒಪ್ಪಿಬಿಟ್ಟಿದ್ರೆ ಮತ್ತೆ ಇಲ್ಲಿಗೆ ಬರೋ ಹಾಗಿರಲಿಲ್ಲ. ನಿಮ್ಮ ಹತ್ರ.”

ಪಾಕಿನ್ ನಗಲಿಲ್ಲ. ಎದುರಿನ ಕುರ್ಚಿಯಲ್ಲಿ ಮೆಲ್ಲನೆ ಕುಳಿತ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯಂತೆ ಅವಳು ಅಂಜುತ್ತಂಜುತ್ತಾ ಅವನ ಮುಖ ನೋಡಿದಳು. ಅವನ ಕಿವಿಗಳು ಕೆಂಪಾಗಿದ್ದವು.

“ನೀವು ಬಂದ ಮೊದಲನೇ ದಿನವೇ ಮ್ಯಾನೇಜರ್ ಹೇಳಿದ್ರು,” ಅವನ ದನಿ ಕೆಳಗಿತ್ತು. “ಮ್ಯಾಟ್, ಫಿಲ್ಮ್, ಇನ್ಶೂರೆನ್ಸ್, ಎಂಟು ಸಾವಿರ, ಎಲ್ಲಾ ಕೊಟ್ಟು ಮುಗಿಸು ಅಂತ. ನಾನೇ ಒಂದೊಂದಾಗಿ ಕೊಟ್ಟೆ. ಎಲ್ಲಾ ಒಟ್ಟಿಗೆ ಕೊಟ್ಟಿದ್ರೆ ನೀವು ಮತ್ತೆ ಬರ್ತಿದ್ರಾ?”

ಬುಸಬಾ ಬೆರಗಾಗಿ ನೋಡಿದಳು. “ಅಂದ್ರೆ ನನ್ನ ಮ್ಯಾಟನ್ನ ಇಷ್ಟು ದಿನ ಬಚ್ಚಿಟ್ಕೊಂಡಿದ್ರಾ?”

“ಹೂಂ.”

“ಕಳ್ಳ!”

“ಸುಳ್ಳಿ!”

“ಕೆಲಸ ಹೋಗಿದ್ರೆ?”

“ಹೋಗುತ್ತೆ ಅಂತ ದಿನಾ ಹೆದರ್ತಿದ್ದೆ. ನೀವು ಬಾಗಿಲಲ್ಲಿ ಕಂಡ ಕೂಡಲೇ ಬೇರೆ ಭಯ ಶುರುವಾಗ್ತಿತ್ತು. ಇವತ್ತು ಒಪ್ಪಿಬಿಡ್ತಾರೇನೋ ಅಂತ.”

“ಮಾತಾಡಿದ್ದು ಸಾಕು,” ಕೌಂಟರಿನಿಂದ ಅನೋಂಗ್ ಕೂಗಿದಳು. “ಸಹಿ ಹಾಕ್ರಪ್ಪಾ, ಬಾಗಿಲು ಹಾಕೋ ಹೊತ್ತಾಯ್ತು!”

ಬುಸಬಾ ಸಹಿ ಹಾಕಿದಳು. ಅಕ್ಷರಗಳು ಅವಳ ಮೊದಲ ಹೊಲಿಗೆಯಂತೆ ಸೊಟ್ಟಸೊಟ್ಟಗೆ ಬಂದವು.

ಗುರುವಾರ ಸಾಯಂಕಾಲ ಇಬ್ಬರೂ ಹೊಸ ಕಾರನ್ನು ಬೌದ್ಧ ದೇಗುಲಕ್ಕೆ ಒಯ್ದರು. ಭಿಕ್ಷು ಕಾರಿನ ಒಳಚಾವಣಿಗೆ ರಕ್ಷೆಯ ಬಿಳಿ ಚುಕ್ಕೆಗಳನ್ನಿಟ್ಟು, ತೀರ್ಥ ಚಿಮುಕಿಸಿ ಕಳಿಸಿದರು. ವಾಪಸು ಬರುವಾಗ ಸ್ಟೀರಿಂಗ್ ಬುಸಬಾಳ ಕೈಯಲ್ಲಿತ್ತು.

“ಬೇಗ ಹೋಗ್ಬೇಕು,” ಎಂದಳು. “ಇನ್ನೂ ಹಂಗಾಮಿ ನಂಬರ್ ಪ್ಲೇಟು. ಕತ್ತಲಾದ ಮೇಲೆ ಕಾರು ರಸ್ತೇಲಿ ಇರೋ ಹಾಗಿಲ್ಲ. ನಿಮ್ಮನ್ನ ರೂಮಿಗೆ ಬಿಟ್ಟು ನಾನು ಮನೆ ಸೇರ್ಕೋಬೇಕು.”

“ನನ್ನ ರೂಮು ಎಡಕ್ಕೆ. ನಿಮ್ಮ ಮನೆ ಬಲಕ್ಕೆ. ಎರಡೂ ಕಡೆ ಹೋಗೋಷ್ಟು ಬೆಳಕಿಲ್ಲ.”

“ಮತ್ತೆ?”

“ನಿಮ್ಮ ಮನೆಗೇ ಹೋಗೋಣ. ನಿಮ್ಮಮ್ಮನ್ನ ನೋಡ್ತೀನಿ. ಊಟ ಹಾಕಿದ್ರೆ ಉಂಡು ನಡ್ಕೊಂಡು ಬರ್ತೀನಿ.”

“ಅಮ್ಮ ಏನಂತಾರೋ, ಪಾಕಿನ್. ನನಗೆ ಭಯ ಆಗ್ತಿದೆ.”

“ನನಗೂ, ಬುಸಬಾ.”

ಮೇಡಂ ಅನ್ನದೆ ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕೂಡುರಸ್ತೆ ಬಂತು. ಅವಳು ಇಂಡಿಕೇಟರ್ ಎಂದು ಎಳೆದದ್ದು ವೈಪರ್. ಒಣ ಗಾಜಿನ ಮೇಲೆ ಅದು ಕಿರ್ರೆಂದು ಓಡಾಡಿತು. ಇಬ್ಬರೂ ಬೆಚ್ಚಿಬಿದ್ದು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಬುಸಬಾ ಉಸಿರು ಬಿಗಿಹಿಡಿದು, ಬಲಕ್ಕೆ ತಿರುಗಿಸಿದಳು.