ಮಲ್ಹಾರಿಯ ಹತ್ತೊಂಬತ್ತು ಸೆಕೆಂಡು

ಮಲ್ಹಾರಿಯ ಕುತ್ತಿಗೆಗೆ ಸುತ್ತಿದ್ದ ಬೂದು ಬಣ್ಣದ ಪಟ್ಟಿ ಬೆಳಿಗ್ಗೆ ಆರೂಮುಕ್ಕಾಲಿಗೆ ತನ್ನ ಕೆಲಸ ಶುರು ಮಾಡಿತು.

“ಏಳ್ತಿಯೇನೋ ತಮ್ಮಾ?” ಎಂದು ಫಕ್ಕೀರವ್ವ ಕೇಳಿದಳು. ಅವಳ ಅಂಗೈಯಲ್ಲಿದ್ದ ಪುಟ್ಟ ಫಲಕದಲ್ಲಿ ಯಾವ ದೀಪವೂ ಹತ್ತಲಿಲ್ಲ. ಅಷ್ಟರಲ್ಲಿ ಅವಳು ಹೊದಿಕೆ ಸರಿಸಿ ಅವನನ್ನು ಎಬ್ಬಿಸಿ ಕೂರಿಸಿಯೂ ಆಗಿತ್ತು. “ನೀರು ಕಾದಾವ. ಜಳಕಾ ಮಾಡ್ತಿಯೇನು?” ಈಗ ಕೆಂಪು ದೀಪ ಹತ್ತಿತು. ಕೆಂಪು ಎಂದರೆ ಬೇಡ. ಜಳಕವೆಂದರೆ ಪ್ರಾಣ ಬಿಡುವ ಮಲ್ಹಾರಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಅವಳಿಗಿಂತ ಮುಂದೆ ಬಚ್ಚಲಿನ ಕಡೆ ಹೊರಟ. “ಇವತ್ತ ಗಡ್ಡಾ ಕೆರೀಲೇನು?” ಹಸಿರು ದೀಪ ಹತ್ತಿತು. ಹಸಿರು ಎಂದರೆ ಹೌದು. ಮಲ್ಹಾರಿ ಎರಡೂ ಕೆನ್ನೆಗಳನ್ನು ಅಂಗೈಗಳಿಂದ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ.

ಇದು ಮೊದಲ ಸಲವೇನಲ್ಲ. ಹಿಂದಿನ ತಿಂಗಳು ಅವನು ಇಂಜೆಕ್ಷನ್‌ಗೆ ಹಸಿರು ತೋರಿಸಿದ್ದ. ಉಪ್ಪಿಟ್ಟಿಗೆ ಕೆಂಪು ತೋರಿಸಿ ಎರಡು ತಟ್ಟೆ ಖಾಲಿ ಮಾಡಿದ್ದ. ಕೇಂದ್ರದವರೆಲ್ಲ ಅವನಿಗೆ ಉಲ್ಟಾ ಮಲ್ಹಾರಿ ಎಂದು ಹೆಸರಿಟ್ಟು ನಗುತ್ತಿದ್ದರು. ಈ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಬ್ಬಾಕೆಗೆ ಮಾತ್ರ ನಗು ಬರಲಿಲ್ಲ. ಆಕೆ ಡಾ. ಅಸ್ಮಿತಾ ಹೊನ್ನಳ್ಳಿ, ಆ ಪಟ್ಟಿಯನ್ನು ಕಂಡುಹಿಡಿದವಳು. ದೂರು ಬಂದಿದೆಯೆಂದು ಹಿಂದಿನ ಸಂಜೆಯೇ ಹುಬ್ಬಳ್ಳಿಯಿಂದ ಬಂದಿಳಿದಿದ್ದಳು.

ಇದು ೨೦೬೧ರ ಮಾತು. ಗದಗದ ಹೊರಗೆ, ಗಾಳಿಯಂತ್ರಗಳ ಸಾಲು ಮುಗಿಯುವಲ್ಲಿ ‘ನೆರಳು’ ಎಂಬ ವಸತಿ ಕೇಂದ್ರವಿತ್ತು. ಬುದ್ಧಿಯ ಬೆಳವಣಿಗೆ ನಿಧಾನವಾದ ಇಪ್ಪತ್ತಾರು ಮಂದಿ ವಯಸ್ಕರಿಗೆ ಅದೇ ಮನೆ. ಮಲ್ಹಾರಿಗೆ ನಲವತ್ತನಾಲ್ಕು ವರ್ಷ. ಅದರಲ್ಲಿ ಇಪ್ಪತ್ತೆರಡು ಅಲ್ಲಿಯೇ ಕಳೆದಿದ್ದವು. ಅವನ ಬಾಯಲ್ಲಿ ಹತ್ತು ಹನ್ನೆರಡು ಶಬ್ದಗಳಿದ್ದವು, ಅವೂ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಹೊರಬರುತ್ತಿದ್ದವು.

ಇಂಥವರಿಗಾಗಿಯೇ ಹುಟ್ಟಿದ್ದು ಇಂಗಿತಪಟ್ಟಿ. ಯಾರಾದರೂ ಏನಾದರೂ ಕೇಳಿದಾಗ, ನಾವು ಹೂಂ ಎನ್ನುವ ಮೊದಲೇ, ಎನ್ನದೆ ನುಂಗಿಕೊಂಡಾಗಲೂ, ಗಂಟಲಿನ ಸ್ನಾಯುಗಳಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. ಒಲ್ಲೆ ಎನ್ನುವಾಗ ಏಳುವ ಅಲೆಯ ರೂಪವೇ ಬೇರೆ. ಈ ಎರಡು ಅಲೆಗಳನ್ನು ತಪ್ಪಿಲ್ಲದೆ ಬೇರ್ಪಡಿಸಲು ಅಸ್ಮಿತಾಗೆ ಹನ್ನೊಂದು ವರ್ಷ ಹಿಡಿದಿತ್ತು. ಪಟ್ಟಿ ಪ್ರಶ್ನೆಯನ್ನು ಆಲಿಸಿ, ಅಲೆಯನ್ನು ಓದಿ, ಕೇಳಿದವರ ಕೈಯಲ್ಲಿರುವ ಫಲಕದಲ್ಲಿ ದೀಪ ಹತ್ತಿಸುತ್ತಿತ್ತು. ರಾಜ್ಯದ ನೂರ ನಲವತ್ತು ಕೇಂದ್ರಗಳಲ್ಲಿ ಅದು ಬಳಕೆಗೆ ಬಂದ ಮೇಲೆ ಕಾನೂನೇ ಬದಲಾಯಿತು. ಕೇಂದ್ರದಲ್ಲಿರುವವರನ್ನು ಇನ್ನೊಂದು ಕಡೆಗೆ ಕಳಿಸಲು ಪೋಷಕರ ರುಜು ಸಾಲದು, ಪಟ್ಟಿ ಓದಿದ ಅವರ ಸ್ವಂತ ಒಪ್ಪಿಗೆಯೇ ಬೇಕು ಎಂದಾಯಿತು. ಆ ಸುದ್ದಿ ಬಂದ ದಿನ ಅಸ್ಮಿತಾ ಕುರ್ಚಿಯಲ್ಲಿ ಕೂತು ಅತ್ತಿದ್ದಳು. ಅವಳ ಸ್ವಂತ ಅಣ್ಣನನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಮೂರು ಸಲ ಸಾಗಿಸುವಾಗ ಯಾರೂ ಅವನನ್ನು ಒಂದು ಮಾತು ಕೇಳಿರಲಿಲ್ಲ.

ಇವತ್ತಿನ ವಿಷಯ ಉಪ್ಪಿಟ್ಟಿನದಾಗಿದ್ದರೆ ಚಿಂತೆಯಿರಲಿಲ್ಲ. ಮಲ್ಹಾರಿಯ ಜೊತೆ ಒಂದೇ ಕೋಣೆಯಲ್ಲಿ ಹದಿನೆಂಟು ವರ್ಷವಿದ್ದ ಪುಂಡಲೀಕ, ಎರಡು ತಿಂಗಳ ಹಿಂದೆ ಬೆಟಗೇರಿಯ ಒಂದು ಸಣ್ಣ ಮನೆಗೆ ಹೋಗಿದ್ದ. ಅಂಥ ನಾಲ್ಕು ಮಂದಿ, ಒಬ್ಬ ಸಹಾಯಕಿ, ತಮ್ಮದೇ ಅಡುಗೆ, ತಮ್ಮದೇ ಬೀಗದಕೈ. ಅಲ್ಲಿ ಒಂದು ಜಾಗ ಖಾಲಿಯಿತ್ತು. ಒಂಬತ್ತು ದಿನದ ಹಿಂದೆ ಮಲ್ಹಾರಿಯನ್ನು ಕೇಳಿದಾಗ ಕೆಂಪು ದೀಪ ಹತ್ತಿತ್ತು. ಅವನು ಒಲ್ಲೆ ಎಂದಿದ್ದಾನೆ ಎಂಬ ಕಾಗದಕ್ಕೆ ವ್ಯವಸ್ಥಾಪಕ ನದಾಫ್ ಇವತ್ತು ಸಂಜೆಯೊಳಗೆ ರುಜು ಹಾಕಿ ಕಳಿಸಬೇಕಿತ್ತು. ಕಳಿಸಿದರೆ ಜಾಗ ಇನ್ನೊಬ್ಬರ ಪಾಲಾಗುತ್ತದೆ. ಅಂಥ ಜಾಗ ಮತ್ತೆ ಹುಟ್ಟಲು ಐದಾರು ವರ್ಷವಾದರೂ ಬೇಕು.

“ರುಜು ಮಾಡಾಕ ನನಗೇನೂ ಅಡ್ಡಿ ಇಲ್ರಿ ಮೇಡಂ,” ಎಂದ ನದಾಫ್. “ಆದ್ರ ಇಂಜೆಕ್ಷನ್ ಬೇಕು ಅನ್ನಾಂವ, ಉಪ್ಪಿಟ್ಟು ಬ್ಯಾಡ ಅನ್ನಾಂವ. ಇವನ ಬ್ಯಾಡ ಅನ್ನೂದನ್ನ ಹೆಂಗ ನಂಬೂದ್ರಿ?”

“ಅದರಾಗ ನಂಬೂದೇನೈತಿ?” ಎಂದಳು ಫಕ್ಕೀರವ್ವ. ಅವಳು ಮಲ್ಹಾರಿಗೆ ಗಡ್ಡ ಬೋಳಿಸುವುದನ್ನು ಕೈಬಿಟ್ಟು ತಲೆ ಒರೆಸುತ್ತಿದ್ದಳು. “ಉಪ್ಪಿಟ್ಟಿನ ಮಾತು ಬ್ಯಾರೆ, ಇದು ಬ್ಯಾರೆ. ನನ್ನ ಬಿಟ್ಟು ಅಂವ ಎಲ್ಲಿಗೂ ಹೋಗಂಗಿಲ್ಲ. ಮಷೀನ ಹೇಳೂದಕ್ಕಿಂತ ಮೊದಲ ನಾ ಹೇಳಿದ್ದೆ.”

ಅವಳಿಗೆ ಐವತ್ತೆಂಟು ವರ್ಷ. ಕೇಂದ್ರ ಶುರುವಾದಾಗಿನಿಂದ ಅಲ್ಲಿದ್ದಳು. ಮಲ್ಹಾರಿಗೆ ಜ್ವರ ಬಂದರೆ ತಾನು ಊಟ ಬಿಡುತ್ತಿದ್ದಳು. ಅವನ ಪರವಾಗಿ ಎಲ್ಲ ಮಾತನ್ನೂ ಅವಳೇ ಆಡುತ್ತಿದ್ದಳು. ಅದು ಅಹಂಕಾರವಲ್ಲ. ಬೇರೆ ಯಾರೂ ಆಡುವವರಿರಲಿಲ್ಲ.

ಅಸ್ಮಿತಾ ಪಟ್ಟಿಯನ್ನು ಬಿಚ್ಚಿ ನೋಡಿದಳು. ತಂತಿಗಳು ಸರಿಯಿದ್ದವು. ಹೊಸ ಪಟ್ಟಿ ಹಾಕಿ ನೋಡಿದರೂ ಅದೇ ಕತೆ. ಛಾ ಬೇಕೇನು ಎಂದರೆ ದೀಪವೇ ಇಲ್ಲ, ಉಗುರು ತೆಗೀಲೇನು ಎಂದರೆ ಹಸಿರು. ಆಕೆ ಬೆವರು ಒರೆಸಿಕೊಂಡು, “ಇವರ ಉತ್ತರಕ್ಕೂ ಪ್ರಶ್ನೆಗೂ ಸಂಬಂಧನ ಇಲ್ಲಲ್ಲ,” ಎಂದು ತನಗೆ ತಾನೇ ಹೇಳಿಕೊಂಡಳು.

“ಸಂಬಂಧ ಯಾಕ ಇರಂಗಿಲ್ರಿ?” ಎಂದಳು ಫಕ್ಕೀರವ್ವ, ತನ್ನ ಮಗುವನ್ನು ಯಾರೋ ದಡ್ಡ ಅಂದರೆ ತಾಯಿಗೆ ಬರುವ ಸಿಟ್ಟಿನಲ್ಲಿ. “ಅವಂಗ ಎಲ್ಲಾ ತಿಳೀತೈತಿ. ತಿಳಿಯೂದು ಒಂದಿಷ್ಟು ತಡಾ, ಅಷ್ಟ.”

“ತಡಾ ಅಂದ್ರ ಎಷ್ಟ್ರಿ ಅಕ್ಕಾರ?”

“ಎಷ್ಟಂತ ಹೇಳ್ಲಿ? ಹಂಚಿನ ಮ್ಯಾಲೆ ರೊಟ್ಟಿ ಒಂದು ಮಗ್ಗಲಾ ಬೇಯೂವಷ್ಟು.”

ಅಸ್ಮಿತಾ ಅಲ್ಲೇ ಮಂಚದ ಮೇಲೆ ಕೂತುಬಿಟ್ಟಳು. ತಪ್ಪು ಎಲ್ಲಿದೆ ಎಂದು ಅವಳಿಗೆ ಗೊತ್ತಾಗಿತ್ತು, ಮತ್ತು ಅದು ಅವಳದೇ ತಪ್ಪಾಗಿತ್ತು. ಪ್ರಶ್ನೆ ಮುಗಿದ ಮೇಲೆ ಪಟ್ಟಿ ಐದು ಸೆಕೆಂಡು ಮಾತ್ರ ಅಲೆಗಾಗಿ ಕಾಯುತ್ತಿತ್ತು. ಆಮೇಲೆ ಕಿವಿ ಮುಚ್ಚಿ ಮುಂದಿನ ಪ್ರಶ್ನೆಗೆ ತಯಾರಾಗುತ್ತಿತ್ತು. ಪ್ರಯೋಗಾಲಯದಲ್ಲಿ ಅವಳು ಪರೀಕ್ಷಿಸಿದ್ದು ಕಾಲೇಜಿನ ವಿದ್ಯಾರ್ಥಿಗಳ ಮೇಲೆ, ನಂತರ ಪೇಟೆಯ ಎರಡು ಕೇಂದ್ರಗಳಲ್ಲಿ ಚುರುಕಾಗಿದ್ದವರ ಮೇಲೆ. ಎಲ್ಲರೂ ಎರಡು ಸೆಕೆಂಡಿನಲ್ಲಿ ಉತ್ತರಿಸುತ್ತಿದ್ದರು. ದೊಡ್ಡ ಮನಸ್ಸು ಮಾಡಿ ಐದು ಕೊಟ್ಟಿದ್ದಳು.

ಮಲ್ಹಾರಿಗೆ ಬೇಕಾಗುತ್ತಿದ್ದದ್ದು ಹತ್ತೊಂಬತ್ತು. ಅಷ್ಟರಲ್ಲಿ ಫಕ್ಕೀರವ್ವ ಮುಂದಿನ ಪ್ರಶ್ನೆ ಕೇಳಿಯಾಗಿರುತ್ತಿತ್ತು. ಪಟ್ಟಿ ಹಿಂದಿನ ಉತ್ತರವನ್ನು ಮುಂದಿನ ಪ್ರಶ್ನೆಯ ಖಾತೆಗೆ ಬರೆಯುತ್ತಿತ್ತು. ಏಳಲು ಒಲ್ಲೆ ಎಂದದ್ದು ಜಳಕಕ್ಕೆ ಹೋಯಿತು, ಜಳಕ ಬೇಕು ಎಂದದ್ದು ಗಡ್ಡಕ್ಕೆ ಹೋಯಿತು. ಮನುಷ್ಯ ಉಲ್ಟಾ ಇರಲಿಲ್ಲ, ಒಂದು ಮೆಟ್ಟಿಲು ಹಿಂದಿದ್ದ.

“ಇದನ್ನ ಯಾಕ ಯಾರಿಗೂ ಹೇಳಲಿಲ್ರಿ ನೀವು?”

“ಯಾರ ಕೇಳ್ಯಾರ್ರಿ? ಎಂಟು ಗಂಟೇದೊಳಗ ಇಪ್ಪತ್ತಾರು ಮಂದೀದು ಜಳಕಾ ಆಗಬೇಕು, ನಾವು ಮೂರು ಮಂದಿ. ಒಬ್ಬೊಬ್ಬರ ಬಾಯಿ ನೋಡ್ಕೋತ ಕುಂತ್ರ ಮಧ್ಯಾಹ್ನ ಆಗ್ತೈತಿ.”

ಒಂಬತ್ತು ದಿನದ ಹಿಂದಿನ ದಾಖಲೆಯನ್ನು ಅಸ್ಮಿತಾ ತೆರೆದಳು. ಬೆಟಗೇರಿ ಮನೆಯ ಪ್ರಶ್ನೆಗೆ ಮೊದಲು, ನಾಳೆ ರಕ್ತ ತೆಗೆಸಾಕ ಹೋಗೂಣೇನು ಎಂದು ಕೇಳಿದ್ದರು. ಕೆಂಪು ಅದರದು. ಮನೆಯ ಪ್ರಶ್ನೆಗೆ ಅವನು ಕೊಟ್ಟ ಉತ್ತರ ದಾಖಲೆಯಲ್ಲಿ ಎಲ್ಲೂ ಇರಲಿಲ್ಲ. ಅದು ಕೊನೆಯ ಪ್ರಶ್ನೆಯಾಗಿತ್ತು, ಕೆಂಪು ಕಂಡೊಡನೆ ಪಟ್ಟಿಯನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದರು. ಅವನು ಉತ್ತರಿಸುವಾಗ ಅವನ ಕುತ್ತಿಗೆಯಲ್ಲಿ ಏನೂ ಇರಲಿಲ್ಲ.

ಪಟ್ಟಿಯ ಕಾಯುವ ಅವಧಿಯನ್ನು ಮೂವತ್ತು ಸೆಕೆಂಡಿಗೆ ಏರಿಸಿ, “ಈಗ ಮತ್ತ ಕೇಳೂಣ. ಆದ್ರ ಕೇಳಿದ ಮ್ಯಾಲೆ ಯಾರೂ ತುಟಿ ಪಿಟಕ್ ಅನ್ನಬಾರದು,” ಎಂದಳು ಅಸ್ಮಿತಾ.

“ನಾ ಕೇಳ್ತೀನಿ,” ಎಂದಳು ಫಕ್ಕೀರವ್ವ. ಬೇರೆ ಯಾರು ಕೇಳಿದರೂ ಅವಳಿಗೆ ಸಮಾಧಾನವಾಗುತ್ತಿರಲಿಲ್ಲ. ಅವನ ಎದುರು ಸ್ಟೂಲ್ ಹಾಕಿಕೊಂಡು ಕೂತಳು. “ತಮ್ಮಾ, ಪುಂಡಲೀಕನ ಮನಿಗೆ ಹೋಗಿ ಅಲ್ಲೇ ಇರ್ತಿಯೇನು?”

ಮೂರು ಸೆಕೆಂಡು. ಮಲ್ಹಾರಿ ಕಿಟಕಿಯ ಕಡೆ ನೋಡುತ್ತಿದ್ದ. ಏಳನೆಯ ಸೆಕೆಂಡಿಗೆ ನದಾಫ್ ಬಾಯಿ ತೆರೆದ, ಅಸ್ಮಿತಾ ಕೈಯೆತ್ತಿ ತಡೆದಳು. ಹತ್ತಕ್ಕೆ ಫಕ್ಕೀರವ್ವನ ಕೈ ತಾನಾಗಿ ಅವನ ಅಂಗಿಯ ಗುಂಡಿ ಹಾಕಲು ಹೋಯಿತು, ತಾನಾಗಿ ಹಿಂದೆ ಬಂತು. ಸುಮ್ಮನೆ ಕೂತಿರುವುದು ಇಷ್ಟು ಕಷ್ಟದ ಕೆಲಸವೆಂದು ಆ ಕೋಣೆಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಹದಿನೈದಕ್ಕೆ ಮಲ್ಹಾರಿ ಅವಳ ಕಡೆ ತಿರುಗಿದ.

ಹತ್ತೊಂಬತ್ತಕ್ಕೆ ಹಸಿರು ದೀಪ ಹತ್ತಿತು.

ಫಕ್ಕೀರವ್ವ ದೀಪ ನೋಡಿದಳು, ಅವನ ಮುಖ ನೋಡಿದಳು. “ಇಲ್ಲೇ ನನ್ನ ಕೂಡ ಇರ್ತಿಯೇನು?” ಎಂದು ಕೇಳಿದಳು. ಈ ಸಲವೂ ಎಲ್ಲರೂ ಕಾದರು. ಕೆಂಪು ಹತ್ತಿತು. ಮಲ್ಹಾರಿ ಎದ್ದು ಬಾಗಿಲ ಬಳಿ ಹೋಗಿ ತನ್ನ ಚಪ್ಪಲಿ ಮೆಟ್ಟಿಕೊಂಡು ನಿಂತ. “ಪುಂಡ್ಯಾ,” ಎಂದ.

ಫಕ್ಕೀರವ್ವ ಅಡುಗೆಮನೆಗೆ ಹೋದಳು. ಅಸ್ಮಿತಾ ಹಿಂದೆ ಹೋದಾಗ ಅವಳು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದಳು.

“ತಡಾ ಅಂತ ನಾ ಬಾಯಿ ಬಿಡದಿದ್ರ ಅಂವ ಇಲ್ಲೇ ಇರ್ತಿದ್ದ,” ಎಂದಳು, ತಿರುಗದೆ.

“ಹೌದ್ರಿ. ಇರ್ತಿದ್ದ.”

“ಇಪ್ಪತ್ತೆರಡು ವರ್ಷ ಅವನ ಮಾತು ನಾ ಆಡೀನಿ. ಎಷ್ಟು ತಪ್ಪು ಆಡೀನೋ ಯಾಂವ ಬಲ್ಲ.” ಅವಳು ನಲ್ಲಿ ನಿಲ್ಲಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ಅವನ ಉಣ್ಣಿ ಸ್ವೆಟರ್ ಒಗ್ಯಾಕ ಹಾಕೀನಿ, ಒಣಗಿದ ಮ್ಯಾಲೆ ಕಳಿಸ್ತೀನಿ ಅಂತ ನದಾಫ್‌ರಿಗೆ ಹೇಳ್ರಿ,” ಎಂದಳು.

ಸೋಮವಾರ ಮಲ್ಹಾರಿ ಬೆಟಗೇರಿಗೆ ಹೋದ. ಅಸ್ಮಿತಾ ಹುಬ್ಬಳ್ಳಿಗೆ ಹೋಗಿ ತನ್ನ ಯಂತ್ರ ತಪ್ಪು ಮಾಡಿದೆಯೆಂದು ಸರ್ಕಾರಕ್ಕೆ ಬರೆದುಕೊಟ್ಟಳು. ಅದುವರೆಗೆ ಪಡೆದಿದ್ದ ಒಪ್ಪಿಗೆಗಳನ್ನೆಲ್ಲ ಮತ್ತೆ ಕೇಳಿಸಬೇಕಾಯಿತು, ಅದಕ್ಕೆ ಮೂರು ವರ್ಷ ಹಿಡಿಯಿತು. ಮೂರರಲ್ಲಿ ಒಂದು ಉತ್ತರ ಬದಲಾಯಿತು. ಆದರೆ ಅಷ್ಟರಲ್ಲಿ ಕೆಲವರು ತಾವು ಒಲ್ಲೆ ಎಂದಿದ್ದ ಕಡೆಗೇ ಹೋಗಿ ಅಲ್ಲೇ ತೀರಿಕೊಂಡಿದ್ದರು. ಅವರ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಅಸ್ಮಿತಾ ತನ್ನ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಳು.

ಹೊಸ ಪಟ್ಟಿ ಉತ್ತರ ಬರುವ ತನಕ ಕಾಯುತ್ತಿತ್ತು, ಆದ್ದರಿಂದ ಕೇಳಿದವರೂ ಕಾಯಬೇಕಾಗುತ್ತಿತ್ತು. ಬೆಳಗಿನ ಕೆಲಸ ಹನ್ನೊಂದು ಗಂಟೆಗೆ ಮುಗಿಯತೊಡಗಿತು. ಕೆಲವು ಕೇಂದ್ರಗಳು ಹೆಚ್ಚು ಕೆಲಸದವರನ್ನು ತೆಗೆದುಕೊಂಡವು. ಇನ್ನು ಕೆಲವು ಕೇಂದ್ರಗಳು ಪ್ರಶ್ನೆಗಳನ್ನೇ ಕಡಿಮೆ ಮಾಡಿದವು. ಅರುವತ್ತು ಕೇಂದ್ರಗಳು ಯಂತ್ರ ನಿಧಾನವಾಗಿದೆ, ಹಳೆಯದೇ ಚೆನ್ನಾಗಿತ್ತು ಎಂದು ಪತ್ರ ಬರೆದು ವಾಪಸು ಕಳಿಸಿದವು. ತಪ್ಪು ಉತ್ತರವಾದರೂ ಬೇಗ ಬಂದರೆ ಸಾಕು ಎನ್ನುವವರು ಯಾವ ಕಾಲಕ್ಕೂ ಇದ್ದೇ ಇರುತ್ತಾರೆ.

ಮಲ್ಹಾರಿ ಹೋದ ಮೇಲೆ ಫಕ್ಕೀರವ್ವ ಎರಡು ತಿಂಗಳು ಬೆಟಗೇರಿಯ ಕಡೆ ತಲೆ ಹಾಕಲಿಲ್ಲ. ಸಿಟ್ಟು ಎಂದು ಕೇಂದ್ರದವರು ಆಡಿಕೊಂಡರು, ನಿಜವಾಗಿ ಅದು ಅಂಜಿಕೆ. ಒಂದು ಭಾನುವಾರ ಧೈರ್ಯ ಮಾಡಿ ಸ್ವೆಟರ್ ಹಿಡಿದುಕೊಂಡು ಹೋದಳು. ಮಲ್ಹಾರಿ ಪುಂಡಲೀಕನ ಪಕ್ಕ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಅವಳಿಗೂ ಒಂದು ಹಿಡಿ ಕಾಯಿ ಕೊಟ್ಟ. ಮೂವರೂ ಬಿಡಿಸಿದರು. ಮಲ್ಹಾರಿಯ ಗಡ್ಡ ಬೆಳೆದಿತ್ತು, ಮೈ ತುಂಬಿಕೊಂಡಿತ್ತು. ಅವನು ಚೆನ್ನಾಗಿರುವುದನ್ನು ನೋಡಿ ಅವಳಿಗೆ ಸಂತೋಷವೂ ಆಯಿತು, ಸಂಕಟವೂ ಆಯಿತು.

ಹೊರಡುವ ಹೊತ್ತಾಯಿತು. “ಹೋಗಿ ಬರ್ಲೇನೋ ತಮ್ಮಾ?” ಎಂದು ಗೇಟಿನ ಕಡೆ ನಡೆದಳು. ಇಪ್ಪತ್ತೆರಡು ವರ್ಷ ದಿನಾ ಕೆಲಸ ಮುಗಿದಾಗ ಹೀಗೆಯೇ ಕೇಳಿ ಹೊರಟಿದ್ದಳು. ಗೇಟಿಗೆ ಕೈ ಹಾಕಿದವಳಿಗೆ ಒಮ್ಮೆಲೆ ಹೊಳೆಯಿತು. ಅಷ್ಟು ವರ್ಷ ಅವನು ಅದಕ್ಕೆ ಉತ್ತರ ಕೊಡುವ ಹೊತ್ತಿಗೆ ಅವಳು ರಸ್ತೆಯಲ್ಲಿರುತ್ತಿದ್ದಳು. ಅವನು ಏನು ಹೇಳುತ್ತಿದ್ದ?

ಅವಳು ಹಿಂದಿರುಗಿ ಬಂದು ಅವನ ಎದುರು ಕೂತಳು. ಹೊರಗೆ ಆಟೋದವನು ಎರಡು ಸಲ ಹಾರ್ನ್ ಹೊಡೆದ. ಅವನ ಕುತ್ತಿಗೆಯಲ್ಲಿ ಪಟ್ಟಿಯಿರಲಿಲ್ಲ, ಈ ಮನೆಯಲ್ಲಿ ಯಾರೂ ಅದನ್ನು ಕಟ್ಟುತ್ತಿರಲಿಲ್ಲ. ಮಲ್ಹಾರಿ ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿದ, ಕಾಳನ್ನು ಬುಟ್ಟಿಗೆ ಹಾಕಿದ. ಆಮೇಲೆ ಅವಳನ್ನು ನೋಡಿ, ನಿಧಾನವಾಗಿ, ಬೇಡ ಎಂದು ತಲೆಯಾಡಿಸಿದ. ಫಕ್ಕೀರವ್ವ ಆಟೋದವನಿಗೆ ಹೋಗು ಎಂದು ಸನ್ನೆ ಮಾಡಿ ಇನ್ನೊಂದು ಹಿಡಿ ಅವರೆಕಾಯಿ ತೆಗೆದುಕೊಂಡಳು.

ಇದೆಲ್ಲ ನಡೆಯುವುದಕ್ಕೆ ಇನ್ನೂ ಬಹಳ ವರ್ಷಗಳಿವೆ. ಪಟ್ಟಿ ಹುಟ್ಟಿಲ್ಲ, ಕಾನೂನು ಹುಟ್ಟಿಲ್ಲ. ಆದರೆ ಲೆಕ್ಕ ಹಾಕಿ ನೋಡಿದರೆ ಮಲ್ಹಾರಿ ಹುಟ್ಟಿಯಾಗಿದೆ. ಅವನಿಗೀಗ ಎಂಟೋ ಒಂಬತ್ತೋ ವರ್ಷ. ಯಾವುದೋ ಶಾಲೆಯ ಮೂರನೆಯ ತರಗತಿಯಲ್ಲಿ ಗೋಡೆಯ ಪಕ್ಕ ಕೂತಿದ್ದಾನೆ. ಟೀಚರು ಅವನನ್ನು ಏನೋ ಕೇಳಿದ್ದಾರೆ, ಒಂದು ಕ್ಷಣ ನೋಡಿದ್ದಾರೆ, ಈಗ ಪಕ್ಕದವನ ಕಡೆ ತಿರುಗುತ್ತಿದ್ದಾರೆ.