ಅರವತ್ತನಾಲ್ಕನೆಯ ಏಟು

ಬಹುಕಾಲದ ಹಿಂದೆ ಕೇದಗೆಪುರವೆಂಬ ರಾಜ್ಯದಲ್ಲಿ ದೊರೆ ಮಲ್ಲಸಿಂಹನ ಎಡಮೀಸೆಯ ತುದಿ ಒಂದು ಬೆಳಿಗ್ಗೆ ಕಾಣೆಯಾಯಿತು. ರಾಜ್ಯ ತಲ್ಲಣಿಸಿತು. ಅರಮನೆಯ ಬಾವುಟ ಅರ್ಧಕ್ಕಿಳಿಯಿತು. ಪಟ್ಟದಾನೆ ಒಂದು ಹೊತ್ತು ಉಪವಾಸವಿತ್ತು. ಮಂತ್ರಿಯೂ ಮಂತ್ರವಾದಿಯೂ ಆದ ಕಪಿಲಾಕ್ಷ, ಇದು ಇಲಿಗಳ ಕೆಲಸವೆಂದು ಡಂಗುರ ಹೊಡೆಸಿದ. ಮೂರು ಇಲಿಗಳನ್ನು ವಿಚಾರಣೆ ನಡೆಸಿ ಗಡಿಪಾರು ಮಾಡಲಾಯಿತು.

ಅದೇ ವಾರ ಊರಿನಲ್ಲಿ ಮನುಷ್ಯರೂ ಕಾಣೆಯಾಗುತ್ತಿದ್ದರು. ಅದಕ್ಕೆ ಡಂಗುರ ಇರಲಿಲ್ಲ.

ಮೊದಲು ಬೆರಳು ಮರೆಯಾಗುತ್ತಿತ್ತು, ಆಮೇಲೆ ಕೈ, ಆಮೇಲೆ ಇಡೀ ಮೈ. ಮುಟ್ಟಿದರೆ ಮನುಷ್ಯ ಇದ್ದಾನೆ, ನೋಡಿದರೆ ಇಲ್ಲ. ಒಂಬತ್ತನೆಯ ದಿನ ದನಿಯೂ ಹೋಗುತ್ತದೆ, ದನಿ ಹೋದವರು ಮರಳುವುದಿಲ್ಲ ಎಂದು ಹಳೆಯ ಓಲೆಗಳಲ್ಲಿ ಬರೆದಿತ್ತು. ರಾಜವೈದ್ಯೆ ದೇವೀರಮ್ಮನ ಗಂಡ, ಬಳೆಗಾರ ಸಂಕಣ್ಣನಿಗೆ ಅಂದು ಆರನೆಯ ದಿನ.

"ಇನ್ನು ನನ್ನ ಮುಖ ನೋಡಿಕೊಂಡು ಉಣ್ಣುವ ಕಷ್ಟ ನಿನಗಿಲ್ಲ ಬಿಡು," ಎಂದಿತು ಖಾಲಿ ಮಣೆ.

"ಸುಮ್ಮನೆ ಉಣ್ಣಿರಿ. ದನಿ ಉಳಿಸಿಕೊಳ್ಳಿ," ಎಂದಳು ದೇವೀರಮ್ಮ.

ರೋಗದ ಮೂಲ ಅವಳಿಗೆ ಗೊತ್ತಾಗಿತ್ತು. ಕಪಿಲಾಕ್ಷ ತನ್ನ ಮಂತ್ರದಂಡದಿಂದ ಗಾಜಿನ ಮೀನುಗಳನ್ನು ಸೃಷ್ಟಿಸಿ, ಇನ್ನು ನೀರು ಅಮೃತವೆಂದು ಹೊಗಳಿ, ದೊರೆಗೆ ಕಾಣಿಕೆಯೆಂದು ಅರಮನೆಯ ಕೊಳಕ್ಕೆ ಬಿಟ್ಟಿದ್ದ. ಊರಿನ ಬಾವಿಗಳಿಗೆಲ್ಲ ಅದೇ ಕೊಳದ ಒರತೆ. ದೇವೀರಮ್ಮ ಒಂದು ಮಡಕೆಯಲ್ಲಿ ಕೊಳದ ನೀರು, ಇನ್ನೊಂದರಲ್ಲಿ ಪಕ್ಕದೂರಿನ ಹೊಳೆಯ ನೀರು ತುಂಬಿ ಎರಡರಲ್ಲೂ ಬದನೆಕಾಯಿ ಹಾಕಿದ್ದಳು. ಸಂಜೆಗೆ ಕೊಳದ ನೀರಿನ ಬದನೆಕಾಯಿ ಕಾಣಲಿಲ್ಲ. ಮೂರು ಸಲ ಮಾಡಿ ನೋಡಿದ್ದಳು. ಮೂರು ಸಲವೂ ಅದೇ.

ಆ ರಾಜ್ಯದಲ್ಲೊಂದು ಕಟ್ಟಳೆಯಿತ್ತು. ದಿನವೂ ಸೂರ್ಯ ಹುಟ್ಟುವಾಗ ರಾಜವೈದ್ಯರು ಅರಮನೆ ಬಾಗಿಲಿನ ಕಂಚಿನ ಗಂಟೆಯನ್ನು ಊರಲ್ಲಿ ಎಷ್ಟು ರೋಗಿಗಳೋ ಅಷ್ಟು ಏಟು ಹೊಡೆಯಬೇಕು. ಏಟು ಅರವತ್ತನಾಲ್ಕಾದರೆ ದೊರೆ ತಾನೇ ಇಳಿದು ಬಂದು ಊರಿನ ನೀರನ್ನು ಪರೀಕ್ಷಿಸಬೇಕು. ದೊರೆಯ ಅಜ್ಜ ಮಾಡಿಟ್ಟಿದ್ದು. ಅದನ್ನು ತೆಗೆದುಹಾಕಲು ಯಾರಿಗೂ ನೆನಪಾಗಿರಲಿಲ್ಲ.

ಮೊದಲ ದಿನ ಕಪಿಲಾಕ್ಷ ಜರಿಶಾಲು ಹಿಡಿದು ಬಂದ. "ದೇವೀರಮ್ಮನವರೇ, ಇವತ್ತು ಏಳೇ ಏಟು ಹೊಡೆಯಿರಿ. ಏಳು ಶುಭ ಸಂಖ್ಯೆ."

"ರೋಗಿಗಳು ನಲವತ್ತೊಂದು, ಸ್ವಾಮಿ."

ಅವಳು ನಲವತ್ತೊಂದು ಏಟು ಹೊಡೆದಳು. ಶಾಲು ಮಂತ್ರಿಯ ಹೆಗಲಿಗೇ ಮರಳಿತು.

ಎರಡನೆಯ ದಿನ ಕಪಿಲಾಕ್ಷ ಹೊಸ ಆಜ್ಞೆ ತಂದ. ಕರಣಿಕನ ಕಣ್ಣಿಗೆ ಕಂಡವನೇ ರೋಗಿ, ಕಾಣದವನು ರೋಗಿಯಲ್ಲ. ದೇವೀರಮ್ಮ ಆಜ್ಞೆಯನ್ನು ಕಣ್ಣಿಗೊತ್ತಿಕೊಂಡಳು. ರೋಗಿಗಳಿಗೆಲ್ಲ ಅರಿಸಿನ ಬಳಿದು ಸಾಲಾಗಿ ನಿಲ್ಲಿಸಿದಳು. ಐವತ್ತೈದು ಹಳದಿ ಮುಖಗಳು ಕರಣಿಕನಿಗೆ ನಮಸ್ಕರಿಸಿದವು. ಕರಣಿಕ ಸತ್ಯವಂತ, ಕಾಣಲಿಲ್ಲ ಎನ್ನಲಾರದೆ ಓಡಿಹೋದ. ಗಂಟೆ ಐವತ್ತೈದು ಸಲ ಮೊಳಗಿತು.

ಮೂರನೆಯ ಬೆಳಿಗ್ಗೆ ಲೆಕ್ಕ ಅರವತ್ತಮೂರಕ್ಕೆ ಬಂದು ನಿಂತಿತು. ಸಂಕಣ್ಣನಿಗೆ ಎಂಟನೆಯ ದಿನ. ದನಿ ಸೊಳ್ಳೆಯ ಹಾಡಿನಷ್ಟಾಗಿತ್ತು.

"ಒಂದು ಏಟು ಹೆಚ್ಚಿಗೆ ಹೊಡೆದುಬಿಡೇ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ," ಎಂದಳು. ಸ್ವಲ್ಪ ಹೊತ್ತು ಗಾಳಿಯಲ್ಲಿ ಅವನ ಕೈ ಹುಡುಕಿ ಹಿಡಿದುಕೊಂಡಳು. "ನಾನೂ ಸುಳ್ಳು ಹೊಡೆದರೆ ಆ ಗಂಟೆಯನ್ನು ಯಾರು ನಂಬುತ್ತಾರೆ ರೀ?"

ಗಂಟೆಯ ಬಳಿ ಕಪಿಲಾಕ್ಷ ಕಾದಿದ್ದ. ಈ ಸಲ ಮಂತ್ರದಂಡವನ್ನೇ ಬೀಸಿದ. ದೇವೀರಮ್ಮ ಮೈನಾ ಹಕ್ಕಿಯಾದಳು.

"ಈಗ ಹೊಡಿ ನೋಡೋಣ!" ಎಂದು ಮಂತ್ರಿ ನಕ್ಕ.

ಹಕ್ಕಿ ಕೊಕ್ಕಿನಿಂದ ಹೊಡೆಯಿತು. ಟಿಣ್. ಟಿಣ್. ಸದ್ದು ಸಣ್ಣದು, ಆದರೆ ಊರು ಉಸಿರು ಬಿಗಿಹಿಡಿದು ಎಣಿಸುತ್ತಿತ್ತು. ಅರವತ್ತಮೂರಕ್ಕೆ ಕೊಕ್ಕಿನಿಂದ ರಕ್ತ ಬಂತು. ಹಕ್ಕಿ ನಿಲ್ಲಿಸಿತು.

"ಅರವತ್ತಮೂರು! ದೊರೆ ಇಳಿಯಬೇಕಾಗಿಲ್ಲ!" ಎಂದು ಕಪಿಲಾಕ್ಷ ಕೂಗಿದ.

ದೊರೆ ಉಪ್ಪರಿಗೆಯಲ್ಲಿ ನಿಂತಿದ್ದ. ಮನುಷ್ಯಳಾಗಿದ್ದಾಗ ದೇವೀರಮ್ಮನಿಗೆ ಅವನನ್ನು ಅಷ್ಟು ಹತ್ತಿರದಿಂದ ನೋಡಲು ಸಾಧ್ಯವಿರಲಿಲ್ಲ. ಈಗ ಹಾರಿಹೋಗಿ ಹೆಗಲ ಮೇಲೆ ಕೂತಳು. ಮೀಸೆಯಲ್ಲಿ ಇಲಿ ಕಡಿದ ಗುರುತಿರಲಿಲ್ಲ. ತುದಿ ಇರಬೇಕಾಗಿದ್ದ ಖಾಲಿ ಜಾಗಕ್ಕೆ ಕೊಕ್ಕು ಹಾಕಿ ಎಳೆದಳು.

"ಅಯ್ಯಯ್ಯೋ!" ಎಂದ ದೊರೆ. ಆಮೇಲೆ ಮೆಲ್ಲಗೆ ಕೈಯಾಡಿಸಿದ. "ಇದೆ! ಕಾಣುತ್ತಿಲ್ಲ, ಆದರೆ ಇದೆ!"

ಹಕ್ಕಿ ಗಂಟೆಗೆ ಮರಳಿ ಇನ್ನೊಂದು ಏಟು ಹೊಡೆಯಿತು.

"ಅರವತ್ತನಾಲ್ಕನೆಯವರು ತಾವೇ, ಮಹಾಪ್ರಭು," ಎಂದಿತು ಗಂಟೆಯ ಪಕ್ಕದಿಂದ, ಹೆಂಡತಿಯ ಹಿಂದೆಯೇ ಬಂದಿದ್ದ ಸಂಕಣ್ಣನ ಕ್ಷೀಣ ದನಿ. "ಎಳನೀರೇ ಹೆಚ್ಚು ಕುಡಿಯುತ್ತೀರಲ್ಲ, ಅದಕ್ಕೇ ತುದಿಯಷ್ಟೇ ಹೋಗಿದೆ."

ದೊರೆ ಇಳಿದು ಬಂದ. ಕೊಳದಿಂದ ಒಂದು ಚೊಂಬು ನೀರು ತೆಗೆದು ಕಪಿಲಾಕ್ಷನ ಮುಂದೆ ಹಿಡಿದ. "ನೀರು ಅಮೃತ ಎನ್ನುತ್ತಿದ್ದೆಯಲ್ಲ. ಕುಡಿ."

"ಇವತ್ತು ನನಗೆ ಉಪವಾಸ, ಪ್ರಭು. ನೀರೂ ಮುಟ್ಟುವ ಹಾಗಿಲ್ಲ."

ದೊರೆ ಮಂತ್ರದಂಡ ಕಿತ್ತುಕೊಂಡು ಮೊಣಕಾಲಿಗೆ ಕೊಟ್ಟು ಮುರಿದ. ಗಾಜಿನ ಮೀನುಗಳು ಬೆಣಚುಕಲ್ಲುಗಳಾದವು. ಮೈನಾ ದೇವೀರಮ್ಮನಾಯಿತು, ತುಟಿ ಒಡೆದಿತ್ತು. ಅವಳ ಎದುರು ಮೊದಲು ಒಂದು ಮೂಗು, ಆಮೇಲೆ ಸಂಕಣ್ಣ ಕಾಣಿಸಿಕೊಂಡ.

"ಇನ್ನು ನನ್ನ ಮುಖ ನೋಡಿಕೊಂಡೇ ಉಣ್ಣಬೇಕು," ಎಂದ. ದೇವೀರಮ್ಮ ಅಳುತ್ತ ನಕ್ಕಳು.

ಸಂಜೆಯೊಳಗೆ ಅರವತ್ತನಾಲ್ಕು ಮಂದಿಯೂ ಪೂರ್ತಿ ಕಂಡರು. ಊರು ಸುಖವಾಗಿ ಬಾಳಿತು. ಕಪಿಲಾಕ್ಷ ಕೊಳದ ಹೂಳು ತೆಗೆಯುವ ಕೆಲಸಕ್ಕೆ ನೇಮಕವಾದ. ಮರುದಿನ ದೇವೀರಮ್ಮ ಗಂಟೆಯ ಬಳಿ ಹೋಗಿ, ಹೊಡೆಯದೆ ಮನೆಗೆ ಬಂದಳು. ಗಡಿಪಾರಾಗಿದ್ದ ಮೂರು ಇಲಿಗಳಲ್ಲಿ ಎರಡು ಹಿಂದಿರುಗಿದವು.