ಬಿಳಿಗಲ್ಲಿನ ಮೇಲಿನ ರೊಟ್ಟಿ

ಮಧ್ಯಾಹ್ನ ಮೂರು ಗಂಟೆಗೆ ಕಡಲಮಂಜು ಎದ್ದು ಯಾರ್ಕ್‌ಷೈರಿನ ನಮ್ಮ ಗುಡ್ಡದ ಬಯಲನ್ನು ಮುಚ್ಚಿತು. ಲಂಡನ್ನಿನ ಪ್ರವಾಸಿ ಜೂಲಿಯನ್‌ನನ್ನು ಹಾಸುಗಲ್ಲಿನ ಹಳೆಯ ದಾರಿಯಲ್ಲಿ ಊರಿಗೆ ಇಳಿಸುತ್ತಿದ್ದೆ. ದಾರಿಯಲ್ಲಿರುವ ಬಿಳಿ ಶಿಲುಬೆಗಲ್ಲಿನ ಮೇಲೆ ಇದ್ದ ತಿನಿಸನ್ನು ತಿಂದವರು ಮುಂದೆ ಬರುವವರಿಗೆ ತಮ್ಮದೊಂದನ್ನು ಇಡಬೇಕು. ಅದು ನಮ್ಮ ರೂಢಿ. ಅಂದು ಅಲ್ಲೊಂದು ರೊಟ್ಟಿಯಿತ್ತು. ಜೂಲಿಯನ್ ಅದನ್ನು ತಿಂದು, ಕೈ ಒರೆಸಿಕೊಂಡು ಹೊರಟ.

“ಏನಾದ್ರೂ ಇಡು, ಮಗಾ.”

“ಯಾರಿಗೆ ಯಜಮಾನ್ರೇ, ಕುರಿಗಳಿಗಾ? ಅಂದ್ಹಾಗೆ, ರೊಟ್ಟಿ ಒಳ್ಳೇ ಬಿಸಿಯಾಗಿತ್ತು.”

ಅಲ್ಲಿಂದ ಹತ್ತಿರದ ಒಲೆಗೆ ಎರಡು ತಾಸಿನ ನಡಿಗೆ.

ಕವಲಿಲ್ಲದ ಇಳಿಜಾರಿನಲ್ಲಿ ಇಳಿಯುತ್ತಲೇ ಹೋದೆವು. ಆದರೂ ಎದುರಿಗೆ ಅದೇ ಬಿಳಿಗಲ್ಲು ಬಂತು. ಅದರ ಮೇಲೆ ಇನ್ನೊಂದು ರೊಟ್ಟಿ ಹಬೆಯಾಡುತ್ತಿತ್ತು. ಜೂಲಿಯನ್‌ನ ಮುಖ ಬಿಳಿಚಿತು.

“ನೀವೇ ಏನಾದ್ರೂ ಇಟ್ಬಿಡಿ,” ಎಂದ.

“ತಿಂದೋನು ನೀನು. ನಿನ್ನ ಪಾಲು ನಾನಿಡಕ್ಕಾಗಲ್ಲ. ಈ ದಾರೀಲಿ ನಮ್ಮೂರು ಇವತ್ತಿನವರೆಗೂ ಒಬ್ಬರನ್ನೂ ಕಳ್ಕೊಂಡಿಲ್ಲ. ಆ ಹೆಸರು ನಿನ್ನಿಂದ ಕೆಡೋದು ಬೇಡ.”

ಅವನು ಜೇಬಿನ ಚಾಕೊಲೇಟನ್ನು ಕಲ್ಲಿನ ಮೇಲಿಟ್ಟ. ಮತ್ತೆ ಇಳಿದೆವು. ಎರಡು ತಾಸಿಗೆ ಕೆಳಗಿನಿಂದ ಅಲೆಗಳ ಸದ್ದು ಕೇಳಿಸಿತು. ಮಂಜು ಸರಿದು ನಮ್ಮೂರಿನ ಹೆಂಚುಗಳು ಕಾಣಿಸಿದವು.

ಮರುದಿನ ಬೆಳಿಗ್ಗೆ ಹತ್ತಿ ನೋಡಿದೆ. ರೊಟ್ಟಿಯೂ ಚಾಕೊಲೇಟೂ ಇರಲಿಲ್ಲ. ಸುತ್ತಲ ಹುಲ್ಲಿನ ಮೇಲೆಲ್ಲ ಹಿಮ ಕಟ್ಟಿತ್ತು, ಕಲ್ಲಿನ ತಲೆ ಮಾತ್ರ ಬೆಚ್ಚಗಿತ್ತು. ನನ್ನ ಬುತ್ತಿಯ ರೊಟ್ಟಿಯನ್ನು ಅಲ್ಲಿಟ್ಟು ಇಳಿದೆ.